‘ಮುಸಾರ್ ವೈನ್ ಇನ್ನೂ ಹತ್ತು ವರ್ಷ ಇಟ್ಟರೆ ಇನ್ನೂ ರುಚಿ ಆಗುತ್ತಾ?’

ಪ್ರಶ್ನೆ: ನಮ್ಮ ಭಾವ ದುಬೈನಿಂದ ಬರುವಾಗ ಶಾಟೋ ಮುಸಾರ್ ಅನ್ನೋ ರೆಡ್ ವೈನ್ ತಂದುಕೊಟ್ಟರು. ಲೇಬಲ್ ಮೇಲೆ 2016 ಅಂತ ಇದೆ. ಹಾಲ್‌ನ ಶೋಕೇಸಲ್ಲಿ ಜೋಪಾನವಾಗಿ ನಿಲ್ಲಿಸಿದ್ದೀವಿ. ಮಗಳ ಮದುವೆ ಹೊತ್ತಿಗೆ ತೆಗೆಯೋಣ ಅಂತ ಆಸೆ. ವೈನ್ ಹಳೆಯದಾದಷ್ಟೂ ರುಚಿ ಅಂತಾರಲ್ಲ, ಎಷ್ಟು ವರ್ಷ ಇಡಬಹುದು? (ಕುವೆಂಪುನಗರದ ಓದುಗರೊಬ್ಬರು)

ಉತ್ತರ: ಮೊದಲು ಅದನ್ನು ಶೋಕೇಸಿಂದ ಕೆಳಗಿಳಿಸಿ. ಮಿಕ್ಕಿದ್ದು ಆಮೇಲೆ ಓದಿ.

ಬಾಟಲಿಯ ಹೆಸರು ಬೇರೆ ಇರಬಹುದು, ತಂದವರು ಭಾವನ ಬದಲು ಮಗ ಇರಬಹುದು, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಎರಡು ಸಾಲಲ್ಲಿ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

‘ಹಳೆಯದಾದಷ್ಟೂ ರುಚಿ’ ಅನ್ನೋದು ತಪ್ಪು. ಪ್ರಪಂಚದಲ್ಲಿ ತಯಾರಾಗುವ ವೈನ್‌ನಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲಿ ಅಂತಲೇ ಮಾಡಿದ್ದು. ನಮ್ಮಲ್ಲಿ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರೋದಕ್ಕೆ ಕಾರಣ ನಮ್ಮ ಅಡುಗೆಮನೆಯೇ ಇರಬೇಕು. ಹಳೇ ಅಕ್ಕಿ ಅನ್ನ ಉದುರುದುರಾಗಿ ಆಗುತ್ತೆ, ಹಳೇ ಹುಣಸೆ ಸಾರಿಗೆ ಚೆನ್ನ, ಹಳೇ ಬೆಲ್ಲ ಒಳ್ಳೇದು ಅಂತ ಕೇಳಿಕೊಂಡೇ ಬೆಳೆದಿದ್ದೀವಿ. ಆದರೆ ಹಳೇ ಅಕ್ಕಿ ಅಂದರೆ ಒಂದು ವರ್ಷದ್ದು, ಹೆಚ್ಚೆಂದರೆ ಎರಡು. ಹದಿನೈದು ವರ್ಷದ ಅಕ್ಕಿ ಮೂಟೆಯನ್ನು ಯಾರಾದರೂ ಬಿಚ್ಚಿ ಅನ್ನ ಮಾಡುತ್ತಾರಾ? ಇನ್ನು ವಿಸ್ಕಿ ನೋಡಿ ಹಾಗಂದುಕೊಂಡವರೂ ಇದ್ದಾರೆ. ವಿಸ್ಕಿಗೆ ಲೆಕ್ಕ ಇರೋದು ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳು ಮಾತ್ರ. ಹನ್ನೆರಡು ವರ್ಷದ ವಿಸ್ಕಿಯನ್ನು ಇನ್ನೂ ಹತ್ತು ವರ್ಷ ಬೀರುವಿನಲ್ಲಿ ಇಟ್ಟರೂ ಅದು ಹನ್ನೆರಡು ವರ್ಷದ್ದೇ. ವೈನ್ ಹಾಗಲ್ಲ. ಬಾಟಲಿಯೊಳಗೂ ಅದು ಬದಲಾಗುತ್ತಲೇ ಇರುತ್ತದೆ. ಬದಲಾಗೋದು ಅಂದರೆ ಕೆಡೋದೂ ಸೇರಿ.

ಒಳಗೆ ಏನಾಗುತ್ತೆ ಗೊತ್ತಾ? ಅಡಿಕೆ ಅಗಿದಾಗ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಆ ಒಗರು ಟ್ಯಾನಿನ್‌ನದ್ದು. ದ್ರಾಕ್ಷಿಯ ಸಿಪ್ಪೆ, ಬೀಜದಲ್ಲೂ ಅದಿದೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದರಿಂದ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ವರ್ಷ ಕಳೆದ ಹಾಗೆ ಟ್ಯಾನಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ತಳದಲ್ಲಿ ಮಡ್ಡಿಯಾಗಿ ಕೂರುತ್ತವೆ. ವೈನ್ ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ಹಣ್ಣಿನ ಘಮವೂ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಒಗರೂ ಹೋಗಿ ಹಣ್ಣೂ ಹೋದರೆ ಉಳಿಯೋದು ಬರೀ ಹುಳಿ. ಚಾಮುಂಡಿ ಬೆಟ್ಟ ಹತ್ತಿ ಆ ಕಡೆ ಇಳಿದ ಹಾಗೆ. ಒಂದೊಂದು ವೈನ್‌ಗೆ ಒಂದೊಂದು ಎತ್ತರದ ಬೆಟ್ಟ. ಇಳಿಯದೇ ಇರೋ ವೈನ್ ಯಾವುದೂ ಇಲ್ಲ.

ನಿಮ್ಮ ಹತ್ತಿರ ಇರೋದು ಎತ್ತರದ ಬೆಟ್ಟದ್ದೇ, ಅದನ್ನು ಒಪ್ಪುತ್ತೇನೆ. ಲೆಬನಾನ್ ದೇಶದಲ್ಲಿ 1930ರಲ್ಲಿ ಗ್ಯಾಸ್ಟನ್ ಹೋಶಾರ್ ಶುರು ಮಾಡಿದ ಮನೆತನದ ವೈನರಿ ಅದು. ಮಗ ಸೆರ್ಜ್ ಹೋಶಾರ್ 1959ರಲ್ಲಿ ವೈನ್ ಮಾಡುವ ಕೆಲಸ ವಹಿಸಿಕೊಂಡರು. ಈ ಕೆಂಪು ವೈನ್‌ಗೆ ಇವತ್ತಿರುವ ಹೆಸರು ಹೆಚ್ಚಾಗಿ ಅವರಿಂದ ಬಂದದ್ದು. ದ್ರಾಕ್ಷಿ ಬೆಳೆಯೋದು ಬೆಕಾ ಕಣಿವೆಯಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿ. ವೈನರಿ ಇರೋದು ಬೆಟ್ಟದ ಈಚೆ, ಸಮುದ್ರದ ಕಡೆ, ಘಝೀರ್ ಅನ್ನೋ ಊರಲ್ಲಿ. ಕೊಯ್ದ ಹಣ್ಣು ಲಾರಿಯಲ್ಲಿ ಬೆಟ್ಟ ದಾಟಿ ಬರಬೇಕು. 1975ರಿಂದ 1990ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತಲ್ಲ, ಆಗಲೂ ಆ ಲಾರಿಗಳು ಓಡಾಡಿದವು. 1976ರಲ್ಲಿ ಮಾತ್ರ ವೈನ್ ಮಾಡಲು ಆಗಲೇ ಇಲ್ಲ. 1984ರಲ್ಲಿ ಗುಂಡಿನ ನಡುವೆ ಸಿಕ್ಕಿ ತಡವಾಗಿ, ಹಣ್ಣು ದಾರಿಯಲ್ಲೇ ಹುದುಗಲು ಶುರುವಾಗಿತ್ತು. ಅದೇ ವರ್ಷ ಡಿಕ್ಯಾಂಟರ್ ಅನ್ನೋ ಬ್ರಿಟಿಷ್ ವೈನ್ ಪತ್ರಿಕೆ ಸೆರ್ಜ್ ಅವರನ್ನು ವರ್ಷದ ವ್ಯಕ್ತಿ ಅಂತ ಆರಿಸಿತು. ಆ ಗೌರವ ಸಿಕ್ಕ ಮೊದಲನೆಯವರು ಅವರೇ. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಈಗ ನಿಮ್ಮ 2016ರ ವಿಷಯ. ಅದು ಹಣ್ಣು ಕೊಯ್ದ ವರ್ಷ. ಕ್ಯಾಬರ್ನೆ ಸೊವಿನ್ಯೋ, ಸಿನ್ಸೋ, ಕ್ಯಾರಿನ್ಯಾನ್ ಅನ್ನೋ ಮೂರು ಜಾತಿಯ ದ್ರಾಕ್ಷಿಯನ್ನು ಬೇರೆ ಬೇರೆಯಾಗಿ ಹುದುಗಿಸಿ, ಓಕ್ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟು, ಮೂರನೇ ವರ್ಷದಲ್ಲಿ ಬೆರೆಸಿ, ಬಾಟಲಿಗೆ ತುಂಬಿದ ಮೇಲೂ ವರ್ಷಗಟ್ಟಲೆ ತಮ್ಮ ನೆಲಮಾಳಿಗೆಯಲ್ಲೇ ಮಲಗಿಸಿ, ಕೊಯ್ಲಾದ ಏಳನೇ ವರ್ಷಕ್ಕೆ ಅವರು ಮಾರಾಟಕ್ಕೆ ಬಿಡುತ್ತಾರೆ. ಅಂದರೆ ಕಾಯುವ ಕೆಲಸವನ್ನು ನಿಮ್ಮ ಪರವಾಗಿ ಅವರೇ ಮಾಡಿ ಮುಗಿಸಿದ್ದಾರೆ. ಮುಂದೆ ಹಲವು ವರ್ಷ ಇಟ್ಟರೂ ಅದು ಚೆನ್ನಾಗಿ ಬೆಳೆಯುತ್ತದೆ. ಆದರೆ ಎಲ್ಲಿ? ಕತ್ತಲಲ್ಲಿ, ಅಲುಗಾಡದ ಜಾಗದಲ್ಲಿ, ವರ್ಷಪೂರ್ತಿ 12ರಿಂದ 14 ಡಿಗ್ರಿ ತಂಪಿನಲ್ಲಿ, ಕಾರ್ಕ್ ಒಣಗದ ಹಾಗೆ ಅಡ್ಡ ಮಲಗಿಸಿದಾಗ. ಮೈಸೂರಲ್ಲಿ ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ದಿನಗಳಿವೆ. ಟಿವಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ, ಗಾಜಿನ ಬಾಗಿಲ ಹಿಂದೆ ನಿಂತ ಬಾಟಲಿಯ ಗತಿ ಏನು?

ನಾನೇ ನೋಡಿದ್ದು ಹೇಳುತ್ತೇನೆ. ಸರಸ್ವತಿಪುರಂನ ಒಂದು ಮನೆಯಲ್ಲಿ ಹನ್ನೊಂದು ವರ್ಷ ಶೋಕೇಸಲ್ಲಿದ್ದ ಬಾಟಲಿ, ಯಾವುದೋ ಬೇರೆ ವೈನ್, ಷಷ್ಟಿಪೂರ್ತಿಗೆ ತೆಗೆದರು. ಕಾರ್ಕ್ ಒಂದು ಕಡ್ಡಿ ದಪ್ಪದಷ್ಟು ಮೇಲೆದ್ದಿತ್ತು. ಬಾಟಲಿ ಕತ್ತಿನ ಸುತ್ತ ಬೆಲ್ಲದ ಪಾಕದ ಹಾಗೆ ಅಂಟು. ತಿರುಪು ಹಾಕಿದ ಕೂಡಲೇ ಕಾರ್ಕ್ ಪುಡಿಪುಡಿ. ಲೋಟಕ್ಕೆ ಬಗ್ಗಿಸಿದರೆ ಕೆಂಪಿಲ್ಲ, ಹುಣಸೆ ನೀರಿನ ಬಣ್ಣ. ಮೂಗಿನ ಹತ್ತಿರ ತಂದರೆ ವಿನೆಗರ್. ಅಷ್ಟು ವರ್ಷ ಕಾದ ಯಜಮಾನರ ಮುಖ ನೋಡಲಾಗಲಿಲ್ಲ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಗಳ ಮದುವೆ ಕೆಲವೇ ತಿಂಗಳಲ್ಲಿದ್ದರೆ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯಲ್ಲಿ ಅಡ್ಡ ಮಲಗಿಸಿ, ಸಾಕು. ಇನ್ನೂ ವರ್ಷಗಳಿದ್ದರೆ ನಿಶ್ಚಿತಾರ್ಥಕ್ಕೋ, ಅವಳ ಹುಟ್ಟುಹಬ್ಬಕ್ಕೋ ತೆಗೆದುಬಿಡಿ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಮಡ್ಡಿ ತಳಕ್ಕಿಳಿಯಲಿ. ಕುಡಿಯುವ ಎರಡು ಮೂರು ಗಂಟೆ ಮೊದಲು ಕಾರ್ಕ್ ತೆಗೆದು, ಸಾರಿನ ತಿಳಿ ಬಗ್ಗಿಸುವ ಹಾಗೆ ನಿಧಾನವಾಗಿ ಗಾಜಿನ ಜಗ್ಗಿಗೆ ಸುರಿಯಿರಿ. ಮಡ್ಡಿ ಕಂಡರೆ ಕೆಟ್ಟಿದೆ ಅಂತ ಚೆಲ್ಲಬೇಡಿ, ಅದು ಹಾಗೇ ಇರಬೇಕಾದ್ದು. ಜೊತೆಗೆ ಬನ್ನೂರು ಕುರಿ ಮಾಂಸ ಚೆನ್ನಾಗಿ ಹೊಂದುತ್ತದೆ. ಖಾರ ಮಾತ್ರ ಕಮ್ಮಿ ಇರಲಿ, ಒಗರಿನ ಜೊತೆ ಖಾರ ಜಾಸ್ತಿ ಉರಿಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಇಂಥದ್ದು ನಮ್ಮ ಕಡೆ ಯಾಕೆ ಆಗಲ್ಲ? ಬೆಕಾ ಕಣಿವೆಯಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ನಂದಿ ಬೆಟ್ಟದ ಸುತ್ತಲ ವೈನ್ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಕಡ್ಡಿ ಸವರಿ, ಒಂದೇ ಬೆಳೆ ತೆಗೆಯುತ್ತಾರೆ. ಅಲ್ಲೂ ಒಳ್ಳೆಯ ವೈನ್ ಆಗುತ್ತಿದೆ. ಮಂಡ್ಯದ ನಾಲೆ ಬಯಲಲ್ಲಿ ಸದಾ ನೀರು ನಿಲ್ಲುವ ಗದ್ದೆ, ಅದು ಕಬ್ಬು ಭತ್ತಕ್ಕೇ ಸರಿ. ಇನ್ನು ಡಿಸೆಂಬರ್‌ಗೆ ನಾವು ಮನೆಯಲ್ಲಿ ಸಕ್ಕರೆ, ಗೋಧಿ, ಲವಂಗ ಹಾಕಿ ಜಾಡಿಯಲ್ಲಿ ಮಾಡುವ ವೈನ್ ಬೆಂಗಳೂರು ಬ್ಲೂ ದ್ರಾಕ್ಷಿಯದ್ದು. ಘಮ ಬಹಳ, ಒಗರು ಕಮ್ಮಿ. ಅದನ್ನು ವರ್ಷಗಟ್ಟಲೆ ಎತ್ತಿಡುವವರಿದ್ದಾರೆ. ದಯವಿಟ್ಟು ಬೇಡ, ಯುಗಾದಿಯೊಳಗೆ ಮುಗಿಸಿ.