ಮೂರನೆಯದು ಮನೆಯದೋ, ದಾರಿಹೋಕನೋ?

ಆಲ್ಫಾ ಸೆಂಟಾರಿ ಬರಿಗಣ್ಣಿಗೆ ಒಂದೇ ನಕ್ಷತ್ರ. ಅದು ಎರಡು ಅಂತ 1689ರಲ್ಲೇ ಗೊತ್ತಾಯಿತು. ಆ ಡಿಸೆಂಬರ್‌ನಲ್ಲಿ ಪುದುಚೇರಿಯಲ್ಲಿದ್ದ ಜೆಸ್ವಿಟ್ ಪಾದ್ರಿ ಜಾನ್ ರಿಷೊ ಧೂಮಕೇತುವೊಂದನ್ನು ನೋಡುತ್ತಿದ್ದರು. ದೂರದರ್ಶಕ ಇತ್ತ ತಿರುಗಿದಾಗ ಜೋಡಿ ಕಂಡಿತು.

ಈ ಜೋಡಿಯ ಬಗ್ಗೆ ತಕರಾರಿಲ್ಲ. 'ಎ' ನಮ್ಮ ಸೂರ್ಯನಿಗಿಂತ ತುಸು ಭಾರ. 'ಬಿ' ತುಸು ಹಗುರ, ಬಣ್ಣ ಕಿತ್ತಳೆ. ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ.

ತಕರಾರು ಶುರುವಾಗಿದ್ದು 1915ರಲ್ಲಿ. ಜೋಹಾನ್ಸ್‌ಬರ್ಗ್‌ನ ಯೂನಿಯನ್ ವೀಕ್ಷಣಾಲಯದಲ್ಲಿ ರಾಬರ್ಟ್ ಇನ್ನೆಸ್ ಐದು ವರ್ಷದ ಅಂತರದಲ್ಲಿ ತೆಗೆದ ಫೋಟೊ ಫಲಕಗಳನ್ನು ಹೋಲಿಸಿ ನೋಡಿದರು. ಮಂಕು ಚುಕ್ಕಿಯೊಂದು ಜಾಗ ಬದಲಿಸಿತ್ತು. ಆಲ್ಫಾ ಸೆಂಟಾರಿ ಸರಿಯುವ ದಿಕ್ಕಿಗೇ, ಹೆಚ್ಚುಕಮ್ಮಿ ಅದೇ ವೇಗದಲ್ಲಿ! ಆದರೆ ಆಕಾಶದಲ್ಲಿ ಅವೆರಡರ ನಡುವೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು ಅಂತರ. ಇದೂ ಅದೇ ಮನೆಯದಾ?

ಚುಕ್ಕಿಗೆ ಪ್ರಾಕ್ಸಿಮಾ ಅಂತ ಹೆಸರಾಯಿತು, 'ಅತಿ ಹತ್ತಿರದ್ದು' ಅಂತ ಅರ್ಥ. ನಮ್ಮಿಂದ 4.24 ಜ್ಯೋತಿರ್ವರ್ಷ. ಸೂರ್ಯನನ್ನು ಬಿಟ್ಟರೆ ಇದಕ್ಕಿಂತ ಹತ್ತಿರದ ನಕ್ಷತ್ರ ಗೊತ್ತಿಲ್ಲ. ಅಷ್ಟು ಹತ್ತಿರ ಇದ್ದರೂ ಬರಿಗಣ್ಣಿಗೆ ಕಾಣಲ್ಲ ಅನ್ನುವುದು ಒಂಥರಾ ತಮಾಷೆ ಅಲ್ವಾ? ಇದು ಕೆಂಪು ಕುಬ್ಜ. ತೂಕ ಸೂರ್ಯನ ನೂರರಲ್ಲಿ ಹನ್ನೆರಡು ಪಾಲು. ಅಗಲ ಗುರುಗ್ರಹದ ಒಂದೂವರೆಯಷ್ಟು. ಮೇಲ್ಮೈ ಬಿಸಿ ಸುಮಾರು 3,000 ಕೆಲ್ವಿನ್, ಅಂದರೆ ಸೂರ್ಯನ ಅರ್ಧ. ಹಾಗಂತ ಸುಮ್ನೆ ಕೂರುವ ಜಾತಿಯಲ್ಲ. ಆಗಾಗ ದಿಢೀರನೆ ಭುಗಿಲೆದ್ದು ಕೆಲ ಹೊತ್ತು ಜಾಸ್ತಿ ಬೆಳಗುತ್ತದೆ.

ಮನೆಯದು ಅಂತ ಹೇಳಬೇಕಾದರೆ ಜೋಡಿಗೆ ಹೋಲಿಸಿ ಅದರ ವೇಗ ಎಷ್ಟು ಅಂತ ಗೊತ್ತಾಗಬೇಕು. ಪ್ರಾಕ್ಸಿಮಾ ಜೋಡಿಯಿಂದ ಎಷ್ಟು ದೂರ ಇದೆ ಅಂದರೆ, ಭೂಮಿ–ಸೂರ್ಯರ ಅಂತರದ 13,000 ಪಟ್ಟು. ಅಷ್ಟು ದೂರದಲ್ಲಿ ಜೋಡಿಯ ಸೆಳೆತ ತೀರಾ ದುರ್ಬಲ. ಸೆಕೆಂಡಿಗೆ ಸುಮಾರು 545 ಮೀಟರ್ ದಾಟಿದರೆ ಸಾಕು, ಕೈತಪ್ಪಿ ಹೋಗುತ್ತದೆ. ನಕ್ಷತ್ರಗಳ ಲೆಕ್ಕದಲ್ಲಿ ಅದು ಆಮೆ ನಡಿಗೆ. ಹಳೆಯ ಅಳತೆಗಳಲ್ಲಿದ್ದ ತಪ್ಪೇ ಇದಕ್ಕೆ ಸಮನಾಗಿತ್ತು. ಹಾಗಾಗಿ 1990ರ ದಶಕದಲ್ಲೂ 'ಇದು ಬರೀ ದಾರಿಹೋಕ ಇರಬಹುದು' ಅನ್ನುವ ವಾದ ಸತ್ತಿರಲಿಲ್ಲ.

ಕೊನೆಗೆ ದಾರಿ ಮಾಡಿಕೊಟ್ಟಿದ್ದು ನಕ್ಷತ್ರದ ಬೆಳಕಿನಿಂದ ಅದರ ವೇಗ ಅಳೆಯುವ, ಚಿಲಿಯ ಹಾರ್ಪ್ಸ್ ಉಪಕರಣ. ಅದರ ಸೂಕ್ಷ್ಮ ಅಳತೆಗಳನ್ನು ಇಟ್ಟುಕೊಂಡು ಖಗೋಳ ವಿಜ್ಞಾನಿ ಪಿಯರ್ ಕೆರ್ವೆಲ್ಲಾ ಮತ್ತು ಜೊತೆಗಾರರು 2017ರಲ್ಲಿ ಉತ್ತರ ಕೊಟ್ಟರು. ವೇಗ ಸೆಕೆಂಡಿಗೆ ಸುಮಾರು 273 ಮೀಟರ್. ಮಿತಿಯ ಅರ್ಧ. ಮನೆಯದೇ!

ಇದರಿಂದ ಇನ್ನೊಂದು ಲಾಭವೂ ಆಯಿತು. ಕೆಂಪು ಕುಬ್ಜಗಳ ವಯಸ್ಸು ಹೇಳುವುದು ಬಲು ಕಷ್ಟ. ಮೂರೂ ಒಟ್ಟಿಗೆ ಹುಟ್ಟಿದವು ಅಂತ ಇಟ್ಟುಕೊಂಡರೆ ದೊಡ್ಡವೆರಡರ ವಯಸ್ಸೇ ಚಿಕ್ಕದಕ್ಕೂ, 2016ರಲ್ಲಿ ಅದರ ಸುತ್ತ ಸಿಕ್ಕ ಗ್ರಹಕ್ಕೂ ಅನ್ವಯಿಸುತ್ತದೆ.

ಪ್ರಾಕ್ಸಿಮಾ ಜೋಡಿಯನ್ನು ಒಂದು ಸುತ್ತು ಹಾಕಲು ಬೇಕಾಗುವುದು ಸುಮಾರು 5,50,000 ವರ್ಷ. ಸದ್ಯ ಅದು ತನ್ನ ಉದ್ದನೆಯ ಹಾದಿಯ ದೂರದ ತುದಿಯ ಬಳಿ ಇದೆ. ಕಕ್ಷೆಯಲ್ಲಿ ಅದರ ನಡಿಗೆ ತೀರಾ ನಿಧಾನವಾಗುವುದೂ ಅಲ್ಲೇ.