ಮೂಳೆಯ ಚಿತ್ರ ಹೋಗಿ ಅಂಕಿ ಬಂತು

ಮೊದಲೇ ಒಂದು ಮಾತು. ಮೂಳೆ ಸವೆತ ಅಂತ ನಾವು ಮಂಡಿನೋವಿಗೂ ಹೇಳ್ತೇವೆ, ಆಸ್ಟಿಯೋಪೊರೋಸಿಸ್‌ಗೂ ಹೇಳ್ತೇವೆ. ಎರಡೂ ಬೇರೆ. ಇಲ್ಲಿ ಹೇಳುತ್ತಿರುವುದು ಮೂಳೆ ಒಳಗೊಳಗೇ ಟೊಳ್ಳಾಗುವ ಬಗ್ಗೆ.

1895ರಲ್ಲಿ ರಾಂಟ್ಜೆನ್ ಹೆಂಡತಿಯ ಕೈಯನ್ನು ಉಂಗುರ ಸಮೇತ ಎಕ್ಸ್-ರೇ ತೆಗೆದ ಮೇಲೆ, ಮೂಳೆ ಮುರಿದಿದೆಯಾ ಅಂತ ನೋಡೋದು ಸುಲಭವಾಯಿತು. ಟೊಳ್ಳು ಹಿಡಿಯೋದು ಮಾತ್ರ ಆಗಲಿಲ್ಲ. ಸಾದಾ ಎಕ್ಸ್-ರೇಯಲ್ಲಿ ಮೂಳೆ ತೆಳುವಾಗಿ ಕಾಣುವಷ್ಟರಲ್ಲಿ ಶೇ 30-40ರಷ್ಟು ಹೋಗೇಬಿಟ್ಟಿರುತ್ತದೆ. ಫಿಲ್ಮ್‌ಗೆ ಕಿರಣ ಸ್ವಲ್ಪ ಜಾಸ್ತಿ ಬಿದ್ದರೂ ಗಟ್ಟಿ ಮೂಳೆ ಟೊಳ್ಳಾಗಿ ಕಾಣುತ್ತದೆ.

1970ರಲ್ಲಿ ನಮ್ಮ ದೇಶದ ವೈದ್ಯ ಮನಮೋಹನ್ ಸಿಂಗ್ (ಪ್ರಧಾನಿಯಾಗಿದ್ದವರಲ್ಲ) ಮತ್ತು ಜೊತೆಗಾರರು ಒಂದು ದಾರಿ ತೋರಿಸಿದರು. ಎಷ್ಟು ಬಿಳಿ ಅಂತ ನೋಡಬೇಡಿ, ಗೆರೆಗಳನ್ನು ನೋಡಿ ಎಂಬುದು ಅದರ ತಿರುಳು. ತೊಡೆಮೂಳೆಯ ಕತ್ತಿನೊಳಗೆ ಸಣ್ಣ ಸಣ್ಣ ಎಳೆಗಳಿರುತ್ತವೆ, ಭಾರ ಇಳಿಯುವ ದಿಕ್ಕಿನಲ್ಲೇ ಸಾಲುಗಟ್ಟಿ. ಹೆಂಚಿನ ಮನೆಯ ಮಾಡು ನೆನಪಿಸಿಕೊಳ್ಳಿ: ಮೊದಲು ರೀಪು ಹೋಗುತ್ತದೆ, ತೊಲೆ ಕೊನೆಗೆ. ಮೂಳೆಯಲ್ಲೂ ಹಾಗೇ, ಕಡಿಮೆ ಭಾರ ಹೊರುವ ಎಳೆ ಮೊದಲು ಮಾಯ. ಎಲ್ಲ ಎಳೆಗಳೂ ಕಂಡರೆ ಅಂಕ 6. ಮುಖ್ಯ ಸಾಲೊಂದು ನಡುವೆ ತುಂಡಾಗಿದ್ದರೆ 3, ಅಂದರೆ ಕಾಯಿಲೆ ಖಚಿತ. ಬರೀ ತೊಲೆ ಉಳಿದು ಅದೂ ಬಡವಾಗಿದ್ದರೆ 1. ಖರ್ಚು ಒಂದು ಎಕ್ಸ್-ರೇ, ಅಷ್ಟೇ. ತೊಂದರೆಯೂ ಇತ್ತು: ಒಂದೇ ಫಿಲ್ಮ್‌ಗೆ ಒಬ್ಬರು 4 ಅಂದರೆ ಇನ್ನೊಬ್ಬರು 3 ಅನ್ನುತ್ತಿದ್ದರು.

ಈ ಜಗಳಕ್ಕೆ ಯಂತ್ರ ಬಂತು. 1987ರಲ್ಲಿ ಮಾರುಕಟ್ಟೆಗೆ ಬಂದ ಡೆಕ್ಸಾ ಎರಡು ಬಗೆಯ ಎಕ್ಸ್-ರೇ ಹಾಯಿಸಿ, ಮಾಂಸದ ಲೆಕ್ಕ ಕಳೆದು, ಮೂಳೆಯದ್ದನ್ನು ಅಂಕಿಯಲ್ಲಿ ಕೊಡುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಅಂಕಿಯನ್ನು ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ (ಇದೇ ಟಿ-ಸ್ಕೋರ್), −2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಅಂತ ಗೆರೆ ಎಳೆಯಿತು. ಅಳತೆಗೋಲು ಬಿಳಿಯ ಹೆಂಗಸರದ್ದು. ಡೆಕ್ಸಾ ಲೆಕ್ಕ ಹಾಕುವುದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅಂತ, ದಪ್ಪ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಸಣ್ಣ ಮೈಕಟ್ಟಿನವರ ಅಂಕಿ ಸುಮ್ನೆ ಕೆಳಗಿಳಿಯುತ್ತದೆ. ನಮ್ಮಲ್ಲಿ ಅಂಥವರೇ ಜಾಸ್ತಿ ಅಲ್ವಾ? ಇನ್ನೊಂದು ಕಡೆ, ಸೊಂಟ ಮುರಿದುಕೊಂಡ ಎಷ್ಟೋ ಜನರ ಅಂಕಿ −2.5ಕ್ಕೆ ಇಳಿದಿರಲೇ ಇಲ್ಲ.

ಈಗ ಮತ್ತೆ ಎಳೆಗಳ ಹುಡುಕಾಟ. ಮಣಿಕಟ್ಟಿನ ಎಳೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಸಿಟಿ ಸ್ಕ್ಯಾನರ್ ಇದೆ, ಹೆಚ್ಚಾಗಿ ಸಂಶೋಧನೆಗೆ. ಬೆನ್ನಿನ ಡೆಕ್ಸಾ ಚಿತ್ರದಿಂದಲೇ ಎಳೆಗಳ ಸ್ಥಿತಿ ಅಂದಾಜಿಸುವ ಟಿಬಿಎಸ್ ಎಂಬ ಲೆಕ್ಕವೂ ಬಂದಿದೆ.

ನಿಮ್ಮ ಮನೆಯಲ್ಲಿ ಡೆಕ್ಸಾ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಪುಟದ ತುಂಬ ಅಂಕಿ, ಬಣ್ಣದ ಪಟ್ಟಿ. ಮೂಲೆಯಲ್ಲಿ ಸೊಂಟದ ಬೂದು ಚಿತ್ರವೂ ಇರುತ್ತದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಪುಟ್ಟ ಅಕ್ಷರದಲ್ಲಿ ಹೆಚ್ಚಾಗಿ ಒಂದು ಸಾಲು: ಈ ಚಿತ್ರ ರೋಗ ಪತ್ತೆಗಲ್ಲ.