ನ್ಯಾಚುರಲ್ ಹಾರರ್: ಪ್ರಾಣಿಯೇ ಖಳನಾಯಕನಾದಾಗ

ಇಲಿ, ಕಪ್ಪೆ, ಇರುವೆ, ಕರಡಿ, ಮೀನುಗಳಂಥ ಜೀವಿಗಳು ಮನುಷ್ಯರ ಮೇಲೆ ಎರಗುವ ಭಯಾನಕ ಚಿತ್ರಗಳಿಗೆ ‘ನ್ಯಾಚುರಲ್ ಹಾರರ್’ ಎಂಬ ಹೆಸರಿದೆ. ದೆವ್ವವಾದರೆ ಶಾಂತಿ ಮಾಡಿಸಿ ಕಳಿಸಬಹುದು. ಹಸಿದ ಪ್ರಾಣಿಯ ಮುಂದೆ ಯಾವ ಮಂತ್ರವೂ ನಡೆಯದು. ಈ ಪ್ರಕಾರದ ಬಲವಿರುವುದೇ ಅಲ್ಲಿ. ಪ್ರಾಣಿ ಕೆರಳುವುದಕ್ಕೆ ಮೂಲ ಕಾರಣ ಸಾಮಾನ್ಯವಾಗಿ ಮನುಷ್ಯನೇ. ಹಾಲಿವುಡ್‌ನಲ್ಲಿ 1950ರ ದಶಕದ ಕಥೆಗಳು ಅಣುಬಾಂಬ್ ಪರೀಕ್ಷೆಯತ್ತ ಬೆರಳು ತೋರಿಸಿದರೆ, 1970ರ ದಶಕದವು ಮಾಲಿನ್ಯದತ್ತ ತೋರಿಸಿದವು.

ಕಡಿಮೆ ಬಂಡವಾಳದವರಿಗೆ ಈ ಪ್ರಕಾರ ಹೇಳಿ ಮಾಡಿಸಿದಂತಿತ್ತು. ದೊಡ್ಡ ತಾರೆಯರು ಬೇಕಿಲ್ಲ. ಒಂದು ಮನೆ, ಬೆರಳೆಣಿಕೆಯ ನಟರು ಸಾಕು. ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ‘ದಿ ಕಿಲ್ಲರ್ ಶ್ರೂಸ್’ (1959). ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಚಿತ್ರಮಂದಿರಗಳ ಒಡೆಯ ಗಾರ್ಡನ್ ಮೆಕ್‌ಲೆಂಡನ್ ಅದನ್ನು ಟೆಕ್ಸಾಸ್‌ನಲ್ಲಿ ಮಾಡಿಸಿ, ಇನ್ನೊಂದು ಚಿತ್ರದ ಜೊತೆ ಜೋಡಿ ಪ್ರದರ್ಶನಕ್ಕೆ ಬಿಟ್ಟ. ದೂರದ ದ್ವೀಪವೊಂದರಲ್ಲಿ ವಿಜ್ಞಾನಿಯ ಪ್ರಯೋಗ ಕೈಮೀರಿ, ಶ್ರೂಗಳು, ಅಂದರೆ ಉದ್ದ ಮೂತಿಯ ಪುಟ್ಟ ಸುಂಡಿಲಿಗಳು, ನಾಯಿಗಾತ್ರಕ್ಕೆ ಬೆಳೆಯುತ್ತವೆ. ಮನುಷ್ಯರನ್ನು ಕುಬ್ಜರನ್ನಾಗಿಸಿದರೆ ಆಹಾರದ ಕೊರತೆ ನೀಗುತ್ತದೆಂಬುದು ಆತನ ಸದುದ್ದೇಶ! ಸುಂಡಿಲಿಯ ಆಯ್ಕೆ ಜಾಣತನದ್ದು. ನಿಜವಾದ ಸುಂಡಿಲಿಯ ಮೈಯಲ್ಲಿ ಆಹಾರ ಬಹಳ ಬೇಗ ಕರಗುತ್ತದೆ, ಕೆಲವು ಜಾತಿಗಳು ಕೆಲವೇ ಗಂಟೆ ಉಪವಾಸವಿದ್ದರೂ ಸಾಯುತ್ತವೆ. ಆ ಹಸಿವನ್ನು ನಾಯಿಯ ಮೈಗೆ ತುಂಬಿದರೆ ಏನಾದೀತು ಎಂಬುದೇ ಕಥೆ.

ತೆರೆಯ ಮೇಲೆ ಓಡಾಡುವುದೂ ನಾಯಿಗಳೇ. ಬೇಟೆನಾಯಿಗಳಿಗೆ ತುಪ್ಪಳದ ವೇಷ ಹಾಕಿ ಓಡಿಸಿದ್ದಾರೆ. ಹತ್ತಿರದ ದೃಶ್ಯಗಳಲ್ಲಿ ಕೋರೆಹಲ್ಲಿನ ಕೈಗೊಂಬೆಗಳು ಬರುತ್ತವೆ. ವೇಷ ಎದ್ದು ಕಾಣುತ್ತದೆ, ನಿಜ. ಆದರೆ ಬಿರುಗಾಳಿಯ ರಾತ್ರಿ ಮನೆಯೊಳಗೆ ಸಿಕ್ಕಿಕೊಂಡವರು ಗೋಡೆಯಾಚೆಯ ಸದ್ದಿಗೆ ಕಿವಿಗೊಟ್ಟು ಕೂರುವಾಗ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಕೊನೆಗೆ ಅವರು ಖಾಲಿ ಪೀಪಾಯಿಗಳನ್ನು ಒಟ್ಟಿಗೆ ಬಿಗಿದು ಬೋರಲು ಹಾಕಿಕೊಂಡು, ಒಳಗೆ ಬಾಗಿ ನಡೆಯುತ್ತ ಸಮುದ್ರದ ಕಡೆ ಸಾಗುತ್ತಾರೆ. ಕೈಯಲ್ಲಿ ಹಣವಿಲ್ಲದಾಗ ಹುಟ್ಟುವ ಇಂಥ ಕಲ್ಪನೆಗಳಿಗಾಗಿಯೇ ಈ ಚಿತ್ರಗಳನ್ನು ನೋಡಬೇಕು.

ಪ್ರಾಣಿಯನ್ನು ಕಡಿಮೆ ತೋರಿಸಿದಷ್ಟೂ ಭಯ ಹೆಚ್ಚುತ್ತದೆ. ದೊಡ್ಡ ಸ್ಟುಡಿಯೊದ ‘ಜಾಸ್’ (1975) ಕೂಡ ಇದೇ ದಾರಿ ಹಿಡಿಯಬೇಕಾಯಿತು; ಯಾಂತ್ರಿಕ ಶಾರ್ಕ್ ಸಮುದ್ರದಲ್ಲಿ ಪದೇ ಪದೇ ಕೆಟ್ಟಿದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಬಹುಹೊತ್ತು ನೀರಿನಡಿಯೇ ಇಟ್ಟರು. ಅದರ ಗೆಲುವಿನ ಬೆನ್ನಲ್ಲೇ ಅಗ್ಗದ ಚಿತ್ರಗಳ ಹೊಸ ಅಲೆಯೆದ್ದಿತು. ಕರಡಿಯ ‘ಗ್ರಿಜ್ಲಿ’ (1976) ಬಂತು, ನಿರ್ಮಾಪಕ ರೋಜರ್ ಕಾರ್ಮನ್ ಸಂಸ್ಥೆಯ ‘ಪಿರಾನ್ಹಾ’ (1978) ಬಂತು. ಎರಡರಲ್ಲಿ ‘ಪಿರಾನ್ಹಾ’ ಹೆಚ್ಚು ಹರಿತವಾದದ್ದು: ಅದರಲ್ಲಿ ನದಿ ಸೇರುವ ಕೊಲೆಗಡುಕ ಮೀನುಗಳು ವಿಯೆಟ್ನಾಂ ಯುದ್ಧಕ್ಕೆಂದು ಸೈನ್ಯವೇ ಬೆಳೆಸಿದವು.